ನೋಡುವ ಹೂವು, ನೀಡುವ ಹೂವು

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ವರ್ಷಕ್ಕೆ ಎರಡು ಬಾರಿ ಜರುಗುವ ಫಲಪುಷ್ಪ ಪ್ರದರ್ಶನವನ್ನು, ಊರಿಗೆ ಹೋದಾಗ ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. 1889ರಲ್ಲಿ ಶಂಕುಸ್ಥಾಪನೆಗೊಂಡ ಗಾಜಿನ ಮನೆಯೊಳಗೆ ಲಕ್ಷಾಂತರ ಹೂಗಳಿಂದ ರಚಿತವಾದ ಪ್ರತಿಕೃತಿಗಳೂ, ಸುತ್ತಲೂ ಸಾಲುಸಾಲಾಗಿ ಅರಳಿನಿಂತ ಕುಂಡದ ಗಿಡಗಳೂ ಕಣ್ಮನಗಳನ್ನು ತಣಿಸುತ್ತವೆ. 2025ರ ಜನವರಿಯ ಪ್ರದರ್ಶನವು ಮಹರ್ಷಿ ವಾಲ್ಮೀಕಿಗಳನ್ನು ಕುರಿತದ್ದಾಗಿತ್ತು.

ಇದನ್ನು ಕಂಡ ಆಸ್ತಿಕರಿಗೆ ಒಂದು ಸಂದೇಹ ಮೂಡುವುದು ಸಹಜ. ಭಗವಂತನ ಪಾದವನ್ನು ಸೇರಬೇಕಾದ ಹೂಗಳು ಕೇವಲ ಜನರ ಕಣ್ಣಿಗೆ ಹಬ್ಬವಾಗಿ ಬಾಡಿಹೋದರೆ ಅವು ವ್ಯರ್ಥವಾದಂತಲ್ಲವೇ? ಮನೆಯ ಕಿರಿಯರು ಇದಕ್ಕೆ ಪ್ರತಿಯಾಗಿ, ಪೂಜೆಯ ಹೂವೂ ಮರುದಿನ ನಿರ್ಮಾಲ್ಯವೇ ತಾನೆ, ಭೇದವೆಲ್ಲಿ ಎಂದು ಕೇಳಬಹುದು. ಎರಡೂ ಪ್ರಶ್ನೆಗಳು ವಿಚಾರಾರ್ಹವಾದುವು.

ಪೂಜೆಗೆ ತಂದ ಹೂವನ್ನು ಮೊದಲೇ ಆಘ್ರಾಣಿಸಬಾರದೆಂಬುದು ಸಂಪ್ರದಾಯ. ಇದರ ತಾತ್ಪರ್ಯವೇನು? ಕೊಡುವವನು ತನ್ನ ಭೋಗವನ್ನು ಮೊದಲು ಬಿಡಬೇಕು. ಆದುದರಿಂದ ಹೂವು ಪೂಜಾದ್ರವ್ಯವಾಗುವುದು ಕೊಯ್ದದ್ದರಿಂದಲ್ಲ, ನನ್ನದೆಂಬ ಭಾವವನ್ನು ತೊರೆದು ಕೊಟ್ಟದ್ದರಿಂದ. ಕಿರಿಯರ ಪ್ರಶ್ನೆಗೆ ಇದೇ ಉತ್ತರ.

ಆದರೆ ಈ ಉತ್ತರ ನಮ್ಮನ್ನೂ ಪರೀಕ್ಷಿಸುತ್ತದೆ. ನಗರಗಳ ಹೌಸಿಂಗ್ ಸೊಸೈಟಿಗಳಲ್ಲಿ ಎಲ್ಲರ ಹಣದಿಂದ, ಮಾಲಿಯ ಶ್ರಮದಿಂದ ಬೆಳೆದ ದಾಸವಾಳ, ನಂದಿಬಟ್ಟಲುಗಳು ಸೂರ್ಯೋದಯಕ್ಕೆ ಮುನ್ನವೇ ಕೆಲವರ ಬುಟ್ಟಿಯನ್ನು ಸೇರುತ್ತವೆ. ಆಕ್ಷೇಪಿಸಿದರೆ "ದೇವರಿಗಲ್ಲವೇ" ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆಯೆಂದು ಹೇಳಬಹುದು. ಹುಲ್ಲು, ಸಮಿತ್ತು, ಹೂಗಳನ್ನು ದ್ವಿಜನು ಎಲ್ಲಿಂದಲಾದರೂ ತರಬಹುದೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿ ಅನುಮತಿ ಇರುವುದು ನಿಜ. ಗೌತಮ ಧರ್ಮಸೂತ್ರವೂ ಹೂಗಳ ವಿಷಯದಲ್ಲಿ ಹಾಗೆಯೇ ಹೇಳುತ್ತದೆ. ಆದರೆ ಹಣ್ಣುಗಳ ಮಾತು ಬಂದಾಗ ಬೇಲಿಯಿಲ್ಲದ ಕಡೆ ಮಾತ್ರ ಎಂದು ಮಿತಿಯನ್ನು ಹಾಕುತ್ತದೆ. ಬೇರೊಬ್ಬರು ಬೆಳೆಸಿ ಕಾಪಾಡಿದ್ದಕ್ಕೂ ತಾನಾಗಿ ಬೆಳೆದದ್ದಕ್ಕೂ ಇರುವ ಅಂತರವನ್ನು ಋಷಿಗಳು ಮರೆತಿರಲಿಲ್ಲ. ಅಡವಿಯೂ ಗೋಮಾಳವೂ ಹೇರಳವಾಗಿದ್ದ ಕಾಲದ ಅನುಮತಿಯನ್ನು ನಾಲ್ಕು ಗಿಡಗಳ ಉದ್ಯಾನಕ್ಕೆ ಅನ್ವಯಿಸುವುದು ಯುಕ್ತವೇ?

ಪುಷ್ಪಪ್ರದರ್ಶನದಲ್ಲಿ ಹೂವನ್ನು ಮುಟ್ಟಬಾರದೆಂಬ ನಿಯಮಕ್ಕೆ ಜನಸ್ತೋಮವು ತಲೆಬಾಗಿ ನಡೆಯುತ್ತದೆ. ಯಾರೂ ಏನನ್ನೂ ಒಯ್ಯುವುದಿಲ್ಲ. ಆದರೂ ಯಾರ ಸಂತೋಷಕ್ಕೂ ಕೊರತೆಯಿಲ್ಲ. ತಿಂಗಳುಗಳ ಮೊದಲೇ ಬೀಜ ಬಿತ್ತಿ, ಆ ವಾರಕ್ಕೇ ಅರಳುವಂತೆ ದಿನಗಳನ್ನೆಣಿಸಿ ಪೋಷಿಸಿದವರು ತೋಟಗಾರರು. ಬಣ್ಣವನ್ನೂ ಗಂಧವನ್ನೂ ಇತ್ತವನು ಸರ್ವಸ್ವಾಮಿಯಾದ ಶ್ರೀಹರಿ. ಈ ಅನುಸಂಧಾನದಿಂದ ನೋಡಿದ ಹೂವು ಗಿಡದಲ್ಲಿದ್ದೇ ಅರ್ಪಿತವಾಗುತ್ತದೆ, ಅದು ವ್ಯರ್ಥವಲ್ಲ. ಪ್ರತಿಕೃತಿಗಳಿಗಾಗಿ ಕತ್ತರಿಸಿದ ರಾಶಿಯ ಬಗ್ಗೆ ಆಸ್ತಿಕರ ಸಂದೇಹಕ್ಕೆ ಆಧಾರವಿದೆ. ಆದರೆ ಹಬ್ಬದ ದಿನ ದಾದರಿನಲ್ಲೋ ಕೋಯಂಬೇಡಿನಲ್ಲೋ ಮಿತಿಮೀರಿ ಕೊಂಡು, ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆಸೆಯುವವರು ಆ ಪ್ರಶ್ನೆಯನ್ನು ಮೊದಲು ತಮಗೆ ಕೇಳಿಕೊಳ್ಳಬೇಕು.

ಅಹಿಂಸೆಯೇ ಮೊದಲಾದ ಎಂಟು ಭಾವಪುಷ್ಪಗಳನ್ನು ಹಿರಿಯರು ಹೇಳಿದ್ದಾರೆ. ಬಾಲ್ಕನಿಯ ಕುಂಡದಲ್ಲಿ ತಾನೇ ಬೆಳೆಸಿದ ಒಂದು ತುಳಸೀದಳವೂ ಅವುಗಳ ಜೊತೆಗಿದ್ದರೆ ಪೂಜೆಗೆ ಕೊರತೆಯಿಲ್ಲ. ಸೊಸೈಟಿಯ ದಾಸವಾಳವು ಗಿಡದಲ್ಲಿಯೇ ಅರಳಿರಲಿ. ಶಾಲೆಗೆ ಹೋಗುವ ಮಕ್ಕಳು ನೋಡಿ ನಲಿಯಲಿ.

ಶ್ರೀಕೃಷ್ಣಾರ್ಪಣಮಸ್ತು.