ಒಂದು ಏಟಿನ ತೂಕ

ದಾರಿ ಬಿಡು, ಬಿಡೆನೆಂಬ ಮಾತಿಗೆ ರಸ್ತೆಯ ಮೇಲೆ ಹುಟ್ಟುವ ಕ್ರೋಧಕ್ಕೆ ಪೂರ್ವವೈರವಿಲ್ಲ, ಲಾಭದ ಆಸೆಯಿಲ್ಲ, ಹೂಡಿಟ್ಟ ಸಂಚೂ ಇಲ್ಲ. ಎದುರಿಗಿರುವವನ ಹೆಸರು ಕೂಡ ಹೊಡೆಯುವವನಿಗೆ ತಿಳಿದಿರುವುದಿಲ್ಲ. ಉದ್ದೇಶವನ್ನು ಅರಸಿ ಹೊರಟ ನ್ಯಾಯಾಧೀಶನಿಗೆ ಅಲ್ಲಿ ಸಿಕ್ಕುವುದು ಅರೆಗಳಿಗೆಯ ಸಿಟ್ಟು ಮಾತ್ರ. ಆದರೆ ಆ ಅರೆಗಳಿಗೆಯಲ್ಲಿ ಒಂದು ಪ್ರಾಣವೇ ಹೋಗಿಬಿಡಬಹುದು. ಇಂತಹ ಕೃತ್ಯವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಮಾಡಿದವನ ಮನಸ್ಸನ್ನು ಇಟ್ಟೋ, ಆದ ಹಾನಿಯನ್ನು ಇಟ್ಟೋ, ಅಥವಾ ನಡುವೆ ಕಳೆದುಹೋದ ವರ್ಷಗಳನ್ನು ಇಟ್ಟೋ?

ಈ ಮೂರು ತಕ್ಕಡಿಗಳನ್ನೂ ಒಂದಾದ ಮೇಲೊಂದರಂತೆ ಎತ್ತಿ ತೋರಿಸಿದ ಮೊಕದ್ದಮೆಯೊಂದು ಪಂಜಾಬಿನಲ್ಲಿ ನಡೆಯಿತು. 1988ರ ಡಿಸೆಂಬರ್ 27ರಂದು ಪಟಿಯಾಲಾ ನಗರದ ಒಂದು ಕೂಡುರಸ್ತೆಯಲ್ಲಿ ಜಿಪ್ಸಿ ವಾಹನವೊಂದು ನಿಂತಿತ್ತು. ಅದರಲ್ಲಿದ್ದವರು ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು ಮತ್ತು ಅವರ ಸ್ನೇಹಿತ. ಹಿಂದಿನಿಂದ ಮಾರುತಿ ಕಾರಿನಲ್ಲಿ ಬಂದ ಅರವತ್ತೈದು ವರ್ಷದ ವೃದ್ಧರೊಬ್ಬರು ವಾಹನವನ್ನು ಸರಿಸುವಂತೆ ಕೇಳಿದರು. ಮಾತಿಗೆ ಮಾತು ಬೆಳೆಯಿತು. ಸಿಧು ಮುಷ್ಟಿಯಿಂದ ಅವರ ತಲೆಗೆ ಹೊಡೆದರು ಎಂಬುದು ಫಿರ್ಯಾದಿ ಪಕ್ಷದ ಕಥನ. ವೃದ್ಧರು ತೀರಿಕೊಂಡರು. ಹೊಡೆದವರೆಂದು ಹೇಳಲಾದವರಿಗೆ ಆಗ ಇಪ್ಪತ್ತೈದರ ಪ್ರಾಯ.

ಮುಂದೆ ನಡೆದದ್ದು ಮೆಟ್ಟಿಲಿನಿಂದ ಮೆಟ್ಟಿಲಿಗೆ ತೂಕ ಬದಲಾಗುತ್ತ ಹೋದ ಕಥೆ. 1999ರ ಸೆಪ್ಟೆಂಬರಿನಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳಿಬ್ಬರನ್ನೂ ಬಿಡುಗಡೆ ಮಾಡಿತು. ಸಾವಿಗೆ ಕಾರಣ ಏಟೋ, ಮೊದಲೇ ದುರ್ಬಲವಾಗಿದ್ದ ಹೃದಯವೋ ಎಂಬ ಬಗೆಗೆ ವೈದ್ಯರ ಸಾಕ್ಷ್ಯ ಖಚಿತವಾಗಿರಲಿಲ್ಲ. 2006ರ ಡಿಸೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿ, ಮೆದುಳಿನ ಪೊರೆಯಡಿ ಆದ ರಕ್ತಸ್ರಾವವೇ ಸಾವಿನ ಕಾರಣವೆಂದು ನಿರ್ಣಯಿಸಿ, ಕೊಲೆಯಲ್ಲದ ನರಹತ್ಯೆಗಾಗಿ ಮೂರು ವರ್ಷದ ಸಜೆಯನ್ನೂ ಒಂದು ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಆಗ ಲೋಕಸಭಾ ಸದಸ್ಯರಾಗಿದ್ದ ಸಿಧು ರಾಜೀನಾಮೆ ಕೊಟ್ಟರು. 2007ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ದೋಷನಿರ್ಣಯವನ್ನು ತಡೆಹಿಡಿದದ್ದರಿಂದ ಮತ್ತೆ ಚುನಾವಣೆಗೆ ನಿಂತು ಗೆದ್ದರು. 2018ರ ಮೇ 15ರಂದು ಸರ್ವೋಚ್ಚ ನ್ಯಾಯಾಲಯವು ನರಹತ್ಯೆಯ ದೋಷವನ್ನು ತೆಗೆದುಹಾಕಿ, ಸ್ವ ಇಚ್ಛೆಯಿಂದ ಗಾಯಪಡಿಸಿದ ದೋಷವನ್ನು ಮಾತ್ರ ಉಳಿಸಿತು. ಸ್ನೇಹಿತನನ್ನು ಬಿಡುಗಡೆ ಮಾಡಿತು. ಸಿಧು ತೆರಬೇಕಾದ ದಂಡ ಒಂದು ಸಾವಿರ ರೂಪಾಯಿ.

ಒಂದು ಸಾವಿರ ರೂಪಾಯಿ ಎಂಬ ಮಾತು ಕೇಳಿ ಹಲವರು ನ್ಯಾಯಾಧೀಶರನ್ನು ದೂರಿದರು. ಆ ದೂರು ಪೂರ್ತಿ ನ್ಯಾಯವಾದುದಲ್ಲ. 1860ರ ದಂಡ ಸಂಹಿತೆಯ 323ನೆಯ ಕಲಮು ಅನುಮತಿಸಿದ ಗರಿಷ್ಠ ದಂಡವೇ ಅಷ್ಟು. ಸಜೆಯಾದರೆ ಗರಿಷ್ಠ ಒಂದು ವರ್ಷ. 1860ರಲ್ಲಿ ಸಾವಿರ ರೂಪಾಯಿ ಒಂದು ಮನೆತನವನ್ನೇ ಅಲುಗಿಸಬಲ್ಲ ಮೊತ್ತವಾಗಿತ್ತು. ಶತಮಾನ ಒಂದೂವರೆ ಕಳೆದರೂ ಅಂಕಿಯನ್ನು ಮುಟ್ಟದೆ ಬಿಟ್ಟವರು ಶಾಸನಕರ್ತರು. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದು ಹತ್ತು ಸಾವಿರವಾಗಿದೆ.

ನಿಜವಾದ ಪ್ರಶ್ನೆ ಬೇರೆಡೆ ಇದೆ. ದಂಡವೊಂದೇ ಸಾಕೆನ್ನಲು 2018ರ ತೀರ್ಪು ಕೊಟ್ಟ ಕಾರಣಗಳು ಮೂರು: ಘಟನೆ ನಡೆದು ಮೂವತ್ತು ವರ್ಷಗಳಾದವು, ಪೂರ್ವದ್ವೇಷವಿರಲಿಲ್ಲ, ಆಯುಧ ಬಳಸಿರಲಿಲ್ಲ. ಮೊದಲನೆಯ ಕಾರಣವನ್ನೇ ನೋಡೋಣ. ಮೂವತ್ತು ವರ್ಷ ತಡವಾದದ್ದು ಆರೋಪಿಯ ಪಶ್ಚಾತ್ತಾಪದಿಂದಲ್ಲ, ನ್ಯಾಯಾಲಯಗಳ ನಡಿಗೆಯಿಂದ. ತಡದ ಭಾರವನ್ನು ಸತ್ತವನ ಮನೆಯವರೂ ಹೊತ್ತಿದ್ದಾರೆ. ಹಾಗಿರುವಾಗ ಅದರ ಲಾಭ ಒಬ್ಬನಿಗೇ ಏಕೆ ಸಲ್ಲಬೇಕು? ಇದಕ್ಕೆ ಪ್ರತಿವಾದವೂ ಉಂಟು, ಅದು ಹಗುರವಾದುದಲ್ಲ. ಮೂವತ್ತು ವರ್ಷ ಕತ್ತಿಯ ಕೆಳಗೆ ಕುಳಿತವನು ಸ್ವಲ್ಪ ಶಿಕ್ಷೆಯನ್ನು ಆಗಲೇ ಅನುಭವಿಸಿದ್ದಾನೆ. ಇಪ್ಪತ್ತೈದರ ಯುವಕ ಮಾಡಿದ್ದಕ್ಕೆ ಐವತ್ತೆಂಟರ ಮನುಷ್ಯನನ್ನು ಸೆರೆಮನೆಗೆ ಕಳುಹಿಸುವಾಗ ಶಿಕ್ಷೆಗೆ ಒಳಗಾಗುವವನು ಅದೇ ಮನುಷ್ಯನೇ ಎಂದು ಕೇಳಬಹುದು. ಆದರೆ ಆ ಕತ್ತಿಯ ಕೆಳಗೂ ಬದುಕು ನಡೆದಿತ್ತು. ಆಟ, ಚುನಾವಣೆ, ಮಂತ್ರಿಪದವಿ ಎಲ್ಲವೂ ಬಂದವು. ಇಂತಹ ಸಂದರ್ಭದಲ್ಲಿ ಕಾಲವನ್ನು ಶಿಕ್ಷೆಯೆಂದು ಎಣಿಸುವುದು ಕಷ್ಟ.

ಸತ್ತವರ ಕುಟುಂಬ ಸುಮ್ಮನಾಗಲಿಲ್ಲ. ಅವರಿಗೆ ಉಳಿದಿದ್ದ ಬಾಗಿಲು ಬಹಳ ಕಿರಿದಾದುದು ಎಂಬುದನ್ನು ಇಲ್ಲಿ ಗಮನಿಸಬೇಕು. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಬಾಧಿತರಿಗೆ ಮೇಲ್ಮನವಿಯ ಹಕ್ಕನ್ನು ಕೊಟ್ಟಿತು: ಆರೋಪಿಯ ಬಿಡುಗಡೆಯ ವಿರುದ್ಧ, ಕಡಿಮೆ ಅಪರಾಧಕ್ಕೆ ದೋಷಿಯೆಂದದ್ದರ ವಿರುದ್ಧ, ಪರಿಹಾರಧನ ಸಾಲದೆಂದು. ಶಿಕ್ಷೆ ಸಾಲದೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಹೊಸ ಸಂಹಿತೆಯಲ್ಲೂ ಸ್ಥಿತಿ ಇದೇ. ಅಂತೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಅದೇ ನ್ಯಾಯಾಲಯಕ್ಕೆ ಪುನರ್ವಿಮರ್ಶೆಯ ಅರ್ಜಿ ಹಾಕುವುದೊಂದೇ ದಾರಿ. ಇಂತಹ ಅರ್ಜಿಗಳು ಫಲಿಸುವುದು ಅಪರೂಪ, ಇದು ಫಲಿಸಿತು. ಅಪರಾಧವನ್ನೇ ಹೆಚ್ಚಿಸಬೇಕೆಂಬ ಕೋರಿಕೆಯನ್ನು ನ್ಯಾಯಾಲಯ ಒಪ್ಪದೆ, ಶಿಕ್ಷೆಯೊಂದನ್ನೇ ಮರುಪರಿಶೀಲಿಸಿ, 2022ರ ಮೇ 19ರಂದು ಒಂದು ವರ್ಷದ ಕಠಿಣ ಸಜೆ ವಿಧಿಸಿತು.

ಆ ತೀರ್ಪಿನಲ್ಲಿ ವಿಚಾರಣೀಯವಾದ ಅಂಶವೆಂದರೆ ಆಯುಧದ ಅರ್ಥ. ಮಲ್ಲನ, ಮುಷ್ಟಿಕಾಳಗದವನ, ದೃಢಕಾಯನಾದ ಆಟಗಾರನ ಕೈ ತಾನೇ ಆಯುಧವಾಗಬಲ್ಲದು. ತನ್ನ ವಯಸ್ಸಿನ ಎರಡು ಪಟ್ಟಿಗಿಂತ ಹಿರಿಯನಾದವನ ಮೇಲೆ ಅದು ಬಿದ್ದರೆ ಏನಾದೀತೆಂಬುದನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ ಎಂಬುದು ಅದರ ಸಾರ. ಆಯುಧವಿರಲಿಲ್ಲವೆಂಬ 2018ರ ರಿಯಾಯಿತಿಗೆ ಇದು ನೇರವಾದ ಉತ್ತರ. ಎರಡೂ ಪೀಠಗಳಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಇದ್ದರು. ತೀರ್ಪಿತ್ತವರೇ ತಮ್ಮ ಕೊರತೆಯನ್ನು ಬರೆದಿಟ್ಟು ತಿದ್ದಿಕೊಂಡದ್ದು ನ್ಯಾಯಪೀಠಗಳಲ್ಲಿ ದಿನವೂ ಕಾಣುವ ಸಂಗತಿಯಲ್ಲ. ಶಕ್ತಿ ಹೆಚ್ಚಿದಷ್ಟೂ ಸಂಯಮದ ಹೊಣೆ ಹೆಚ್ಚು ಎಂಬ ಈ ತತ್ತ್ವ ಸರಿಯಾದುದೆಂದೇ ಹೇಳಬೇಕು. ಬಡಕಲು ಮನುಷ್ಯನ ಸಿಟ್ಟಿಗೂ ಬಲಶಾಲಿಯ ಸಿಟ್ಟಿಗೂ ಮನಸ್ಸಿನಲ್ಲಿ ಭೇದವಿಲ್ಲದಿರಬಹುದು, ಕೈಯಲ್ಲಿ ಇದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಸಾವು ಏಟಿನಿಂದಲೇ ಆಯಿತೆಂದು ಸಾಬೀತಾಗಲಿಲ್ಲವೆಂದು ಒಪ್ಪಿ ಗಾಯದ ಅಪರಾಧವನ್ನಷ್ಟೇ ಉಳಿಸಿದ ಮೇಲೆ, ಆ ಅಪರಾಧಕ್ಕಿರುವ ಗರಿಷ್ಠ ಸಜೆಯನ್ನೇ ಕೊಡುವಾಗ ಸಾವಿನ ನೆರಳು ತಕ್ಕಡಿಯ ಮೇಲೆ ಬೀಳಲಿಲ್ಲವೆಂದು ಯಾರು ಹೇಳಬಲ್ಲರು? ಅದೇ ಏಟು ತಿಂದು ಮುದುಕರು ಮೈ ಕೊಡವಿ ಎದ್ದು ಮನೆಗೆ ಹೋಗಿದ್ದರೆ ಮೊಕದ್ದಮೆ ಮೂರು ದಶಕ ನಡೆಯುತ್ತಿರಲಿಲ್ಲ, ಬಹುಶಃ ದಾಖಲೆಯೂ ಆಗುತ್ತಿರಲಿಲ್ಲ. ಹೊಡೆದವನ ಮನಸ್ಸು ಎರಡೂ ಸಂದರ್ಭಗಳಲ್ಲಿ ಒಂದೇ. ಹಾಗಾದರೆ ಶಿಕ್ಷೆಯ ಬಹುಭಾಗವನ್ನು ನಿರ್ಧರಿಸುವುದು ಅದೃಷ್ಟವೇ? ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಅಷ್ಟಾದರೂ ಇದರ ತಿರುವನ್ನು ನೋಡಬೇಕು: ಸತ್ತವರ ಅದೃಷ್ಟವನ್ನು ಲೆಕ್ಕದಿಂದ ತೆಗೆಯುವುದಾದರೆ, ಏಟು ತಿಂದೂ ಬದುಕಿ ಉಳಿಯುವ ಮುದುಕರ ಮೊಕದ್ದಮೆಗಳನ್ನೂ ಇಷ್ಟೇ ಗಂಭೀರವಾಗಿ ತೂಗಬೇಕಾಗುತ್ತದೆ. ಎದ್ದು ಹೋದವರ ಪರವಾಗಿ ಮೂವತ್ತು ವರ್ಷ ಹೋರಾಡಲು ಯಾರಿದ್ದಾರೆ?

ಆ ತೀರ್ಪು ಪ್ರಾಯಶ್ಚಿತ್ತವನ್ನು ಮಾಡುವವನ ವಯಸ್ಸು, ಕಾಲ, ಶಕ್ತಿಗಳನ್ನು ನೋಡಿ ವಿಧಿಸಬೇಕೆಂಬ ಧರ್ಮಶಾಸ್ತ್ರದ ಮಾತನ್ನೂ ನೆನೆದಿದೆ. ವ್ರತೋಪವಾಸಗಳ ಪರಿಚಯವಿರುವವರಿಗೆ ಈ ಮಾತು ಹೊಸದಲ್ಲ. ಬಾಲಕನಿಗೂ ರೋಗಿಗೂ ದೃಢಕಾಯನಿಗೂ ಒಂದೇ ಉಪವಾಸವನ್ನು ಯಾವ ಗುರುವೂ ಹೇಳುವುದಿಲ್ಲ. ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಪ್ರಾಯಶ್ಚಿತ್ತಕ್ಕೆ ಮೊದಲು ಆಲೋಚನೆ ಬರುತ್ತದೆ, ಅಂದರೆ ಮಾಡಿದ ದೋಷವನ್ನು ತಾನೇ ಗುರುವಿನ ಮುಂದೆ ಹೇಳಿಕೊಳ್ಳುವುದು. ನ್ಯಾಯಾಲಯದಲ್ಲಿ ಆರೋಪಿಗೆ ಸುಮ್ಮನಿರುವ ಹಕ್ಕಿದೆ, ಅಲ್ಲಗಳೆಯುವ ಹಕ್ಕಿದೆ. ಇರಲೇಬೇಕು, ಇಲ್ಲದಿದ್ದರೆ ನಿರಪರಾಧಿಗಳ ಬಾಯಿಂದಲೂ ಒಪ್ಪಿಗೆ ಹೊರಡುತ್ತದೆ. ಆದ್ದರಿಂದ ಸಜೆಯನ್ನು ಪ್ರಾಯಶ್ಚಿತ್ತವೆಂದು ಕರೆಯುವುದು ಸಜೆಗೆ ಇಲ್ಲದ ಗುಣವನ್ನು ಆರೋಪಿಸಿದಂತೆ. ಸಜೆ ದೋಷಿಯನ್ನು ಶುದ್ಧಗೊಳಿಸುತ್ತದೆಂಬ ಭರವಸೆ ಯಾರಿಗೂ ಇಲ್ಲ. ದಾರಿ ಕೇಳಿದ ಮುದುಕನೊಬ್ಬನ ತಲೆಗೆ ಬಿದ್ದ ಏಟು ರಾಜ್ಯದ ಕಣ್ಣಿನಲ್ಲಿ ಎಷ್ಟು ದೊಡ್ಡದು ಎಂಬುದನ್ನು ಅವನ ಮನೆಯವರಿಗೆ ತಿಳಿಸುವುದಷ್ಟೇ ಅದರ ಕೆಲಸ. ಸಾವಿರ ರೂಪಾಯಿ ಒಂದು ಉತ್ತರ ಹೇಳಿತು, ಒಂದು ವರ್ಷ ಇನ್ನೊಂದನ್ನು ಹೇಳಿತು.

ತೀರ್ಪಿನ ಮರುದಿನ, 2022ರ ಮೇ 20ರಂದು ಸಿಧು ಪಟಿಯಾಲಾದಲ್ಲಿ ಶರಣಾದರು. ಸನ್ನಡತೆಯ ರಿಯಾಯಿತಿ ಕಳೆದು, ಸುಮಾರು ಹತ್ತು ತಿಂಗಳ ನಂತರ, 2023ರ ಏಪ್ರಿಲ್ 1ರಂದು ಅದೇ ಊರಿನ ಸೆರೆಮನೆಯಿಂದ ಹೊರಬಂದರು. ವೃದ್ಧರ ಪ್ರಾಣ ಹೋದದ್ದು ಆ ಮುಷ್ಟಿಯಿಂದಲೇ ಹೌದೋ ಅಲ್ಲವೋ ಎಂಬ, 1988ರಲ್ಲಿ ವೈದ್ಯರ ಮುಂದಿದ್ದ ಪ್ರಶ್ನೆಗೆ ಕೊನೆಯ ತೀರ್ಪಿನಲ್ಲೂ ಉತ್ತರವಿಲ್ಲ.