ನಾ ತುಂಬಿಕೊಡ್ತೀನಿ ಬಿಡು

ಹೋದ ದೀಪಾವಳಿಗೆ ಊರಿಗೆ ಹೋದಾಗ ಬನಹಟ್ಟಿಯ ಕಾಕಾನ ಮನೆಗೂ ಹೋಗಿದ್ದೆ. ಕಾಕಾನ ಮಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿ.ಎ. ಮುಗಿಸಿದ್ದಾನೆ. ಲ್ಯಾಪ್‌ಟಾಪ್ ಮೇಲೆ ಅವನ ಬೆರಳು ಓಡುವ ವೇಗ ನನಗೂ ಇಲ್ಲ. ಅವನ ಲ್ಯಾಪ್‌ಟಾಪಿಗೆ ಮೌಸ್ ಇಲ್ಲ, ಬೇಕಾಗಿಯೂ ಇಲ್ಲ.

"ಯಣ್ಣಾ, ಬ್ಯಾಂಕ್ ಖಾತೆ ತೆಗಿಯೋ ಈ ಅರ್ಜಿ ನಿಮ್ಮ ಕಂಪನಿಯವ್ರ ಮಾಡಿದ್ದಂತಲ್ಲ, ಒಂಚೂರು ನೋಡು" ಅಂದ. ಮಾಡಿದ್ದು ನಮ್ಮ ತಂಡವೇ. ನನಗೆ ಒಳಗೊಳಗೇ ಹೆಮ್ಮೆ. ಹೆಡ್‌ಫೋನ್ ತೆಗೆದು ಸ್ಪೀಕರ್ ಹಚ್ಚಿದ. ಮಗ್ಗದ ಸದ್ದಿನ ನಡುವೆ ಕೇಳಿಸಿತು: "ಇನ್‌ಪುಟ್ ಫೀಲ್ಡ್, ಎಡಿಟ್, ಬ್ಲ್ಯಾಂಕ್." ಟ್ಯಾಬ್ ಒತ್ತಿದ. "ಇನ್‌ಪುಟ್ ಫೀಲ್ಡ್, ಎಡಿಟ್, ಬ್ಲ್ಯಾಂಕ್." ಮತ್ತೆ ಒತ್ತಿದ. ಮತ್ತೆ ಅದೇ. ನನ್ನ ಕಣ್ಣಿಗೆ ಹೆಸರು, ತಂದೆಯ ಹೆಸರು, ವಿಳಾಸ ಎಂದು ಚೆಂದಾಗಿ ಕಾಣುತ್ತಿತ್ತು. ಅವನ ಕಿವಿಗೆ ಎಲ್ಲವೂ ಒಂದೇ. ಜನ್ಮದಿನಾಂಕದ ಕ್ಯಾಲೆಂಡರ್ ಮೌಸ್ ಕ್ಲಿಕ್ ಇಲ್ಲದೆ ತೆರೆಯಲಿಲ್ಲ. ಕೊನೆಯ "ನಾನು ಒಪ್ಪುತ್ತೇನೆ" ಚೌಕದ ಹತ್ತಿರ ಟ್ಯಾಬ್ ಸುಳಿಯಲೇ ಇಲ್ಲ.

"ಇರ್ಲಿ ಬಿಡೋ ತಮ್ಮಾ, ನಾ ತುಂಬಿಕೊಡ್ತೀನಿ" ಅಂದೆ.

"ನೀ ತುಂಬಿಕೊಡ್ತಿ, ಖರೆ. ಹೋದ ಸಲ ಬೇರೆ ಅರ್ಜಿ ನೆಟ್ ಸೆಂಟರಿನಾಂವ ತುಂಬಿಕೊಟ್ಟ. ಆಧಾರ್ ನಂಬರ್, ಒಟಿಪಿ, ಪಾಸ್‌ವರ್ಡ್ ಎಲ್ಲಾ ಅಂವಗ ಹೇಳೀನಿ. ಅದ ಪೇಜಿನಾಗ 'ಒಟಿಪಿ ಯಾರಿಗೂ ಹೇಳಬೇಡಿ' ಅಂತ ಬರದೈತಂತ. ಅದನ್ನೂ ಅಂವನ ಓದಿ ಹೇಳಿದ."

ಅವನು ನಕ್ಕ. ನನಗೆ ನಗಲಿಕ್ಕೆ ಆಗಲಿಲ್ಲ.

ಯಾಕೆಂದರೆ ಆ "ಇನ್‌ಪುಟ್ ಫೀಲ್ಡ್" ಎಂಬ ಹೆಸರು ಇಟ್ಟವನು ನಾನೇ. ಬಿಡುಗಡೆಗೆ ಮೊದಲು ಲೈಟ್‌ಹೌಸ್ ಎಂಬ ತಪಾಸಣೆ ಉಪಕರಣ "ಈ ಖಾನೆಗಳಿಗೆ ಹೆಸರಿಲ್ಲ" ಎಂದು ಕೆಂಪು ತೋರಿಸಿತ್ತು. ಡೆಡ್‌ಲೈನ್ ತಲೆ ಮೇಲಿತ್ತು. ಎಲ್ಲ ಖಾನೆಗೂ ಒಂದೇ ಹೆಸರು ಅಂಟಿಸಿದೆ. ಕೆಂಪು ಹೋಗಿ ಹಸಿರು ಬಂತು, ನೂರಕ್ಕೆ ನೂರು. ಹೆಸರು ಇದೆಯೋ ಇಲ್ಲವೋ ಎಂದಷ್ಟೇ ಯಂತ್ರ ನೋಡುತ್ತದೆ. ಆ ಹೆಸರಿಗೆ ಅರ್ಥ ಇದೆಯೋ ಎಂದು ನೋಡಬೇಕಾದವನು ಮನುಷ್ಯ. ಇನ್ನು ಆ ಒಪ್ಪಿಗೆಯ ಚೌಕ ನಿಜವಾದ ಚೆಕ್‌ಬಾಕ್ಸ್ ಆಗಿರಲೇ ಇಲ್ಲ, ಚೌಕದ ಹಾಗೆ ಕಾಣುವಂತೆ ಬಣ್ಣ ಬಳಿದ ಖಾಲಿ ಡಬ್ಬಿ. ಅದನ್ನೂ ಉಪಕರಣ ಹಿಡಿಯಲಿಲ್ಲ. ಇಷ್ಟು ಸ್ಕೋರ್ ಬಂದ ಮೇಲೂ ಕೈಯಾರೆ ಪರೀಕ್ಷೆ ಮಾಡಿ ಎಂದು ಲೈಟ್‌ಹೌಸೇ ಕೆಳಗೆ ಬರೆದಿರುತ್ತದೆ. ನಾವು ಅಂಕ ನೋಡಿದೆವು, ಕೆಳಗಿನದು ಓದಲಿಲ್ಲ.

ಅವತ್ತಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ನಾನು ತುಂಬಿಕೊಟ್ಟರೆ ನನ್ನ ತಪ್ಪು ಹರಿಯಿತೇ?

ನಮ್ಮ ಕಡೆ ಸಹಾಯಕ್ಕೇನೂ ಬರ ಇಲ್ಲ. ಓದು ಬಾರದವರಿಗೆ ಪತ್ರ ಬರೆದುಕೊಡುವುದು, ಮನಿಯಾರ್ಡರ್ ಫಾರಂ ತುಂಬುವುದು ಇವನ್ನೆಲ್ಲ ಪುಣ್ಯದ ಕೆಲಸ ಎಂದೇ ನೋಡುತ್ತ ಬೆಳೆದವನು ನಾನು. ಆದರೆ ಅಲ್ಲಿ ಪತ್ರ ಬರೆದುಕೊಟ್ಟವನು ಇನ್ನೊಬ್ಬನ ಅಕ್ಷರವನ್ನು ಕಸಿದಿರಲಿಲ್ಲ. ಇಲ್ಲಿ ಹುಡುಗನಿಗೆ ಓದು ಬರುತ್ತದೆ, ಯಂತ್ರ ಬರುತ್ತದೆ. ಅವನ ಕಂಪ್ಯೂಟರಿನಲ್ಲಿರುವ ಎನ್‌ವಿಡಿಎ ಪುಕ್ಕಟೆ ಸಿಗುವ ಸ್ಕ್ರೀನ್ ರೀಡರ್. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಕಣ್ಣು ಕಾಣದವರು. ಅಷ್ಟು ದೂರದಿಂದ ದಾರಿ ಬನಹಟ್ಟಿಯ ಪಡಸಾಲೆ ತನಕ ಬಂದಿತ್ತು. ಕೊನೆಯ ಎರಡು ಹೆಜ್ಜೆಯಲ್ಲಿ ಕಲ್ಲು ಇಟ್ಟವನು ನಾನು. ಕಲ್ಲು ಇಟ್ಟು, ಆಮೇಲೆ ಕೈ ಹಿಡಿದು ದಾಟಿಸಿ, ಅದಕ್ಕೆ ಉಪಕಾರ ಅನ್ನಬಹುದೇ?

ಎಲ್ಲರೂ ಒಬ್ಬರ ಮೇಲೊಬ್ಬರು ಅವಲಂಬಿಸಿಯೇ ಬದುಕುವುದಲ್ಲವೇ ಎನ್ನಬಹುದು. ನಿಜ. ಜಮಖಂಡಿಯಿಂದ ಬೆಂಗಳೂರಿಗೆ ಬಸ್ಸು ನಾನು ಓಡಿಸುವುದಿಲ್ಲ, ಡ್ರೈವರನ್ನು ನಂಬಿ ಮಲಗುತ್ತೇನೆ. ಆದರೆ ಬಸ್ಸೋ ರೈಲೋ ಎಂದು ಆರಿಸುವವನು ನಾನು. ಡ್ರೈವರ್ ನನ್ನ ಪಾಸ್‌ವರ್ಡ್ ಕೇಳುವುದೂ ಇಲ್ಲ. ತಮ್ಮನಿಗೆ ಆ ಆಯ್ಕೆ ಇರಲಿಲ್ಲ. ಯಾರು ಕೈಗೆ ಸಿಕ್ಕರೋ ಅವರನ್ನೇ ನಂಬಬೇಕು. ನಾಳೆ ದುಡ್ಡು ಹೋದರೆ "ಯಾಕ ಹೇಳಿದಿ?" ಎಂದು ಬೈಸಿಕೊಳ್ಳುವವನೂ ಅವನೇ.

ಆಫೀಸಿನಲ್ಲಿ ಕೇಳುವ ಇನ್ನೊಂದು ಮಾತು: "ಅಂಥವರು ಎಷ್ಟು ಜನ ಇರ್ತಾರೆ?" 2011ರ ಜನಗಣತಿ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ. ಕೈ ನಡುಗಿ ಮೌಸ್ ಹಿಡಿಯಲಾಗದವರು ಬೇರೆ. ನಮ್ಮ ಲೆಕ್ಕದಲ್ಲಿ ಮಾತ್ರ ಅವರು ಕಾಣುವುದಿಲ್ಲ. ಅರ್ಜಿ ಮುಗಿಸಿದವರನ್ನಷ್ಟೇ ಎಣಿಸಿ, ಬಾಗಿಲಲ್ಲೇ ಮರಳಿ ಹೋದವರು ಇಲ್ಲವೇ ಇಲ್ಲ ಅನ್ನುತ್ತೇವೆ.

ಇದು ವೆಬ್‌ಸೈಟ್ ಮಾಡುವವರ ತಪ್ಪು ಮಾತ್ರ ಅಲ್ಲ. ತಮ್ಮ ಇನ್ನೊಂದು ಫೈಲ್ ತೆರೆದ, ಒಂದು ನೇಮಕಾತಿಯ ಕನ್ನಡ ಪ್ರಕಟಣೆ. ನನಗೆ ಅಚ್ಚ ಕನ್ನಡ ಕಾಣುತ್ತಿದೆ, ಸ್ಪೀಕರಿನಿಂದ ಬರುವುದು ಹುಚ್ಚುಹುಚ್ಚು ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟಿನಲ್ಲಿ "ಕನ್ನಡ" ಎಂದು ಬರೆದರೆ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಇತ್ಯಾದಿ. ಕಣ್ಣಿಗೆ ಮಾತ್ರ ಕನ್ನಡದ ವೇಷ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಎಷ್ಟೋ ವರ್ಷಗಳಿಂದ ಪುಕ್ಕಟೆ ಸಿಗುತ್ತದೆ. ರಾಜ್ಯೋತ್ಸವಕ್ಕೆ ಧ್ವಜ ಹಾರಿಸುವ ನಾವು ಒಂದು ಕ್ಲಿಕ್ ಮಾಡದೆ ಒಬ್ಬ ಕನ್ನಡಿಗನಿಗೆ ಕನ್ನಡವನ್ನೇ ಕೇಳಿಸದಂತೆ ಮಾಡಿದ್ದೇವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಇದನ್ನು ಹೇಳಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆಸಿಡ್ ದಾಳಿಗೆ ಒಳಗಾದ ಮಹಿಳೆಗೆ ಖಾತೆ ತೆರೆಯಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳಿದ್ದರಿಂದ ಹುಟ್ಟಿದ ಪ್ರಕರಣ ಅದು. ಕಣ್ಣು ಮಿಟುಕಿಸುವ ನಿಯಮ ಬರೆದವರೂ ಕೆಟ್ಟವರಾಗಿರಲಿಕ್ಕಿಲ್ಲ. ನನ್ನ ಹಾಗೆ ಅವಸರದಲ್ಲಿದ್ದಿರಬಹುದು. "ಗೊತ್ತಿರಲಿಲ್ಲ" ಎನ್ನಬಹುದು. ಆದರೆ ಹತ್ತು ನಿಮಿಷದಲ್ಲಿ ಗೊತ್ತು ಮಾಡಿಕೊಳ್ಳಬಹುದಾದದ್ದನ್ನು ಗೊತ್ತು ಮಾಡಿಕೊಳ್ಳದಿದ್ದರೆ ಅದು ಅಜ್ಞಾನ ಅಲ್ಲ, ಉದಾಸೀನ. ಕಾಕಾ ಸೀರೆ ಮಡಚಿ ಕೊಡುವ ಮುನ್ನ ಪೂರ್ತಿ ಹರವಿ ಎಳೆ ನೋಡುತ್ತಾರೆ. ನಾನು ಸೀರೆ ಹರವದೆ ಕೊಟ್ಟಿದ್ದೆ.

ಬೆಂಗಳೂರಿಗೆ ಬಂದು ಮೌಸ್ ತೆಗೆದು ಡ್ರಾಯರಿನಲ್ಲಿ ಇಟ್ಟೆ. ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆರಿಸಿ, ನಮ್ಮದೇ ಅರ್ಜಿ ತುಂಬಲು ಕೂತೆ. ಅರ್ಧ ತಾಸಿನಲ್ಲಿ ಬೆವರು ಬಂತು. ಖಾನೆಗಳಿಗೆ ಸರಿಯಾದ ಹೆಸರು, ನಿಜವಾದ ಚೆಕ್‌ಬಾಕ್ಸ್, ಟೈಪ್ ಮಾಡಬಹುದಾದ ದಿನಾಂಕ, ಟ್ಯಾಬ್ ಎಲ್ಲಿ ನಿಂತಿದೆ ಎಂದು ತೋರಿಸುವ ಗೆರೆ. ಎಲ್ಲ ಸರಿಮಾಡಲು ಹಿಡಿದದ್ದು ಎರಡು ದಿನ.

ಅದು ಬಿಡುಗಡೆಯಾದ ವಾರ ತಮ್ಮ ಫೋನ್ ಮಾಡಿದ. "ಅರ್ಜಿ ಹೋತು ಯಣ್ಣಾ. ಆ ಕ್ಯಾಪ್ಚಾ ಒಂದ ತಂಗಿ ಕಡೆ ಓದಿಸಿದೆ."

ಕ್ಯಾಪ್ಚಾ ಇನ್ನೊಂದು ತಂಡದ್ದು. ನಾನು ಹಾಕಿದ ಟಿಕೆಟ್ ಇನ್ನೂ ತೆರೆದೇ ಇದೆ. ವಾರಕ್ಕೊಮ್ಮೆ ನೆನಪಿಸುತ್ತೇನೆ. ಅಲ್ಲಿಯವರೆಗೆ "ನಾ ತುಂಬಿಕೊಡ್ತೀನಿ ಬಿಡು" ಎಂಬ ಮಾತು ಮಾತ್ರ ಅವನ ಮುಂದೆ ಮತ್ತೆ ಆಡಿಲ್ಲ.