ನಗಿಸುವವನಿಗೆ ನಂಟರು ಯಾರು

ಪರರ ಸಂಕಟ ಕಂಡು ನಗುವುದು ಪಾಪವೇ ಎಂಬ ಪ್ರಶ್ನೆಯನ್ನು ಧರ್ಮಗ್ರಂಥಗಳಿಗಿಂತ ಹೆಚ್ಚು ಎದೆಗೊಟ್ಟು ಎದುರಿಸಿರುವುದು ರಂಗಭೂಮಿ, ಅದರಲ್ಲೂ ನಗಿಸುವುದನ್ನೇ ಕಸುಬಾಗಿಸಿಕೊಂಡ ಹಾಸ್ಯಗಾರನ ವೇಷ. ಸರ್ಕಸ್ಸಿನ ಡೇರೆಯಲ್ಲಿ ಆ ವೇಷ ಅಳುಮೋರೆಯ ಜೋಕರನ ರೂಪ ತಾಳಿತು. ತಮಿಳುನಾಡಿನ ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಹಳ್ಳಿಗಳಲ್ಲಿ, ಗುಡಿಯ ಹಬ್ಬದ ರಾತ್ರಿಗಳಲ್ಲಿ, ಅದಕ್ಕೆ ತೀರ ಹತ್ತಿರದ ವೇಷವೊಂದು ‘ಬಫೂನ್’ ಎಂಬ ಹೆಸರಿನಲ್ಲಿ ಇಂದಿಗೂ ಬದುಕಿದೆ. ಆ ಸೀಮೆ ಕನ್ನಡಿಗರಿಗೆ ಹೊರಗಿನದಲ್ಲ. ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ, ಕನ್ನಡ ಮನೆಮಾತಿನ ಒಕ್ಕಲಿಗರು ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿದ್ದಾರೆ.

ಬಫೂನ್ ಕಾಣಿಸಿಕೊಳ್ಳುವ ರಂಗಪ್ರಕಾರವನ್ನು ತಮಿಳರು ‘ಸ್ಪೆಷಲ್ ನಾಟಕಂ’ ಎನ್ನುತ್ತಾರೆ. ಇದು ಒಂದು ಕಂಪನಿಯ ನಾಟಕವಲ್ಲ. ಬೇರೆ ಬೇರೆ ಊರಿನ ನಟನಟಿಯರನ್ನು ಒಂದು ರಾತ್ರಿಯ ಮಟ್ಟಿಗೆ ಒಬ್ಬೊಬ್ಬರನ್ನಾಗಿ, ಅಂದರೆ ‘ಸ್ಪೆಷಲ್’ ಆಗಿ, ಗೊತ್ತುಮಾಡಿ ಕರೆಸುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ನಿರ್ದೇಶಕನಿಲ್ಲ, ತಾಲೀಮಿಲ್ಲ, ಎಲ್ಲರಿಗೂ ಗೊತ್ತಿರುವ ಕಥೆ ಮತ್ತು ಹಾಡುಗಳ ಬಲದಿಂದಲೇ ಅಪರಿಚಿತರು ವೇದಿಕೆಯ ಮೇಲೆ ಬೆಳಗಿನವರೆಗೆ ಆಡುತ್ತಾರೆ. ‘ವಳ್ಳಿ ತಿರುಮಣಂ’ ಮೊದಲಾಗಿ ಇಂದಿಗೂ ಆಡುವ ಹಲವು ಪ್ರಸಂಗಗಳನ್ನು ರಚಿಸಿದ ಶಂಕರದಾಸ್ ಸ್ವಾಮಿಗಳು (1867–1922) ಈ ಪರಂಪರೆಯ ಗುರುವೆನಿಸಿದ್ದಾರೆ, ಮಧುರೈಯ ನಟರು ಅವರಿಗೆ ಪ್ರತಿವರ್ಷ ಗುರುಪೂಜೆ ಸಲ್ಲಿಸುತ್ತಾರೆ. ದಿಂಡಿಗಲ್ 1985ರಲ್ಲಿ, ತೇನಿ 1996ರಲ್ಲಿ ಬೇರೆ ಜಿಲ್ಲೆಗಳಾಗುವವರೆಗೆ ಎರಡೂ ಮಧುರೈಗೇ ಸೇರಿದ್ದವು. ಆಡಳಿತದ ಗಡಿ ಬದಲಾದರೂ ನಾಟಕದ ಸೀಮೆ ಒಂದೇ ಆಗಿ ಉಳಿದಿದೆ. ನಾಟಕ ದೇವತೆಗೆ ಒಪ್ಪಿಸುವ ಸೇವೆಯಾದುದರಿಂದ ಅದರ ಮೊದಲ ಪ್ರೇಕ್ಷಕಿ ಗುಡಿಯೊಳಗಿನ ಅಮ್ಮನೇ. ಅವಳ ಮುಂದೆ ನಾಟಕದ ಆರಂಭದಲ್ಲಿ ರಂಗಕ್ಕೆ ಬಂದು, ಒಬ್ಬನೇ ನಿಂತು, ತನ್ನ ಪೆದ್ದುತನವನ್ನೂ ಪೇಚಾಟಗಳನ್ನೂ ತಾನೇ ಹೇಳಿಕೊಂಡು ಸಭೆಯನ್ನು ನಗಿಸಿ, ಮುಂದಿನ ಕಥೆಗೆ ಹದಗೊಳಿಸುವುದು ಬಫೂನನ ಕೆಲಸ.

ಈ ನಗೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಬೆರಗುಗೊಳಿಸುವಷ್ಟು ನಿಷ್ಠುರವಾದ ಉತ್ತರವಿದೆ. ಭರತನ ‘ನಾಟ್ಯಶಾಸ್ತ್ರ’ ಹಾಸ್ಯವನ್ನು ಎರಡಾಗಿ ವಿಂಗಡಿಸುತ್ತದೆ: ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಹತ್ತು–ಹನ್ನೊಂದನೆಯ ಶತಮಾನಗಳ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ಆ ಗ್ರಂಥಕ್ಕೆ ಬರೆದ ವ್ಯಾಖ್ಯಾನವಾದ ‘ಅಭಿನವಭಾರತಿ’ಯಲ್ಲಿ ಇನ್ನೂ ಮುಂದೆ ಹೋಗಿ, ಯಾವ ರಸವೇ ಆಗಲಿ ಔಚಿತ್ಯ ತಪ್ಪಿದಾಗ, ಅಂದರೆ ತನಗೆ ಸಲ್ಲದ ಪಾತ್ರದಲ್ಲೋ ಸಂದರ್ಭದಲ್ಲೋ ಕಾಣಿಸಿಕೊಂಡಾಗ, ಹಾಸ್ಯವಾಗುತ್ತದೆ ಎನ್ನುತ್ತಾನೆ, ಬಂಧುವಲ್ಲದವನಿಗಾಗಿ ಶೋಕಿಸಿದರೆ ಆ ಕರುಣವೂ ಹಾಸ್ಯವೇ ಎಂಬುದು ಅವನ ಉದಾಹರಣೆ. ಸತ್ತವನಿಗೆ ಏನೂ ಆಗಬೇಕಾಗಿರದವನು ಎದೆ ಬಡಿದುಕೊಂಡು ಅತ್ತರೆ ನೋಡಿದವರಿಗೆ ನಗು ಬರುತ್ತದೆ, ಮಗ ಅತ್ತರೆ ಬರುವುದಿಲ್ಲ. ಕಣ್ಣೀರು ಒಂದೇ ಆದರೂ ನಂಟು ಬೇರೆ. ಅಭಿನವಗುಪ್ತ ಇದನ್ನು ಅಳುವವನ ಕುರಿತು ಹೇಳಿದ್ದು ನಿಜ, ಆದರೆ ಅದೇ ಮಾತನ್ನು ನೋಡುವವನ ಕಡೆಗೆ ತಿರುಗಿಸಿದರೆ ಅಳುಮೋರೆಯ ಜೋಕರನ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅವನು ಬಿದ್ದಾಗ ನಗುವವರು ಅವನಿಗೆ ಏನೂ ಆಗಬೇಕಾಗಿಲ್ಲದವರು, ನಗು ತಟ್ಟನೆ ನಿಂತುಹೋದವರು ಅವನಿಗೆ ನಂಟರಾದವರು. ಮುಖಕ್ಕೆ ದುಃಖದ ಬಣ್ಣ ಬಳಿದುಕೊಂಡು ರಂಗಕ್ಕೆ ಬರುವ ಅವನು ಆಟದ ಉದ್ದಕ್ಕೂ ಸಭೆಯನ್ನು ಕೇಳುವುದು ಈ ಒಂದೇ ಪ್ರಶ್ನೆ: ನೀವು ನನಗೆ ಏನಾಗಬೇಕು?

ಈ ಪ್ರಶ್ನೆಗೆ ಉತ್ತರ ಕೊಡುವ ಬದಲು ಜೋಕರನ ದುಃಖವನ್ನೇ ಮೆಚ್ಚುವುದು ಸುಲಭ. ಪಶ್ಚಿಮದ ಜೋಕರ್‌ಗಳ ಪಿತಾಮಹನೆನಿಸಿದ ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿ (1778–1837) ಕುಣಿತ, ಜಿಗಿತಗಳಿಂದ ಮೈ ಜರ್ಜರಿತವಾಗಿ 1828ರ ವಿದಾಯದ ಆಟವನ್ನು ಕುಳಿತೇ ಆಡಬೇಕಾಯಿತು; ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಮುಂದೆ ಒಬ್ಬನೇ ಮಗನೂ ತಂದೆಗಿಂತ ಮೊದಲೇ ಸತ್ತ. ಮನೋವ್ಯಥೆಗೆ ಮದ್ದು ಕೇಳಲು ಬಂದ ರೋಗಿಗೆ ವೈದ್ಯನೊಬ್ಬ ಗ್ರಿಮಾಲ್ಡಿಯ ಆಟ ನೋಡಲು ಹೇಳಿದನೆಂದೂ, ಆ ರೋಗಿಯೇ ಗ್ರಿಮಾಲ್ಡಿಯೆಂದೂ ಸಾರುವ ಕಥೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹಾಸ್ಯಗಾರರ ಹೆಸರಿನಲ್ಲಿಯೂ ಹಬ್ಬಿರುವುದರಿಂದ ಅದನ್ನು ಚರಿತ್ರೆಯೆಂದು ನಂಬಬೇಕಾಗಿಲ್ಲ. ನಗಿಸುವವನು ಒಳಗೊಳಗೆ ಅಳುತ್ತಿರಬೇಕೆಂದು ಬಯಸುವ ಪ್ರೇಕ್ಷಕನ ಮನಸ್ಸೇ ಅಂಥ ಕಥೆಯನ್ನು ಹೆಣೆಯುತ್ತದೆ, ಮತ್ತು ದುಃಖವನ್ನು ಕಲೆಯ ಬೆಲೆಯೆಂದು ಒಪ್ಪಿಬಿಟ್ಟರೆ ಅದನ್ನು ತಗ್ಗಿಸುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ. ಈ ಕಥೆಗಿಂತ ಎಷ್ಟೋ ಗಟ್ಟಿಯಾದದ್ದು 1940ರ ದಶಕದಲ್ಲಿ ಶುರುವಾದ ಒಂದು ರೂಢಿ: ಪ್ರತಿವರ್ಷ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನ ಚರ್ಚೊಂದರಲ್ಲಿ ಜೋಕರ್‌ಗಳು ಬಣ್ಣ ಹಚ್ಚಿಕೊಂಡೇ ಸೇರಿ, ಗ್ರಿಮಾಲ್ಡಿಯನ್ನೂ ತೀರಿಕೊಂಡ ತಮ್ಮವರನ್ನೂ ನೆನೆದು ಪ್ರಾರ್ಥಿಸುತ್ತಾರೆ. ಅಲ್ಲಿ ನಡೆಯುವುದು ದುಃಖದ ಆರಾಧನೆಯಲ್ಲ, ನಂಟರ ಸ್ಮರಣೆ.

ನಂಟು ಮೂಡಿದಾಗ ನಗೆ ನಿಲ್ಲುವುದನ್ನು ಇನ್ನೊಬ್ಬ ಜೋಕರನಲ್ಲಿ ಕಾಣಬಹುದು. ಅಮೆರಿಕದ ಎಮೆಟ್ ಕೆಲ್ಲಿ (1898–1979) ಕಟ್ಟಿದ ‘ವೀರಿ ವಿಲ್ಲಿ’ ಎಂಬ ಹರಕುಬಟ್ಟೆಯ ಅಲೆಮಾರಿ, ನೆಲದ ಮೇಲೆ ಬಿದ್ದ ದೀಪದ ಬೆಳಕನ್ನು ಪೊರಕೆಯಿಂದ ಗುಡಿಸಲು ಹೆಣಗುತ್ತಿದ್ದ. ಅವನು ಎಂದೂ ನಗುತ್ತಿರಲಿಲ್ಲ. ಭರತನ ಮಾತಿನಲ್ಲಿ ಹೇಳುವುದಾದರೆ ಆತ್ಮಸ್ಥದ ಲೇಶವೂ ಇಲ್ಲದ, ಪರಸ್ಥವೇ ಆದ ಹಾಸ್ಯ ಅದು. 1944ರ ಜುಲೈ 6ರಂದು ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಜನ ಸತ್ತಾಗ, ಅದೇ ವೇಷದಲ್ಲಿ ನೀರಿನ ಬಕೆಟ್ ಹಿಡಿದು ಧಾವಿಸುತ್ತಿದ್ದ ಕೆಲ್ಲಿಯ ಛಾಯಾಚಿತ್ರ ಉಳಿದಿದೆ. ಬಳಿದುಕೊಂಡ ಅಳುಮೋರೆ ಬದಲಾಗಿರಲಿಲ್ಲ, ಆದರೆ ಅದನ್ನು ನೋಡಿ ಯಾರೂ ನಗುವಂತಿರಲಿಲ್ಲ.

ನಂಟಿನ ಈ ತರ್ಕಕ್ಕೆ ಅತ್ಯಂತ ಕಠಿಣ ಪರೀಕ್ಷೆ ಸ್ಪೆಷಲ್ ನಾಟಕದ ‘ಅಡಿಪಿಡಿ’ ದೃಶ್ಯ. ‘ಅಡಿ’ ಎಂದರೆ ಹೊಡೆತ. ಗಂಡಹೆಂಡಿರ ಹೊಡೆದಾಟವನ್ನು ಹಾಸ್ಯಜೋಡಿ ಆಡಿ ತೋರಿಸುವ ಈ ದೃಶ್ಯಕ್ಕೆ ಸಭೆಯ ಹೆಂಗಸರೂ ಮನಬಿಚ್ಚಿ ನಗುತ್ತಾರೆ. ಸ್ಪೆಷಲ್ ನಾಟಕದ ಕಲಾವಿದರ ಕುರಿತು 2005ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿದ ಅಮೆರಿಕದ ಮಾನವಶಾಸ್ತ್ರಜ್ಞೆ ಸೂಸನ್ ಸೈಜರ್ ಈ ನಗೆಯನ್ನು ವಿಶೇಷವಾಗಿ ಪರಿಶೀಲಿಸಿದ್ದಾರೆ. ನೋಡುವವನ ಕಡೆಗೆ ತಿರುಗಿಸಿದ ಅಭಿನವಗುಪ್ತನ ಸೂತ್ರವನ್ನು ಹಾಗೆಯೇ ಅನ್ವಯಿಸಿದರೆ ನಗುವ ಹೆಂಗಸರು ಹೊಡೆಸಿಕೊಂಡವಳಿಗೆ ಪರಕೀಯರು ಎಂದಾಗಬೇಕು. ಆದರೆ ಪೆಟ್ಟಿನ ನೋವನ್ನು ತಮ್ಮ ಮನೆಯಲ್ಲೇ ಬಲ್ಲ ಹೆಂಗಸರೂ ಆ ಸಭೆಯಲ್ಲಿ ಕುಳಿತಿರುತ್ತಾರೆ. ಹೊರಗೆ ಆಡಲಾಗದ್ದನ್ನು ಹಬ್ಬದ ರಾತ್ರಿ ಅಮ್ಮನೆದುರು ಯಾರೋ ಆಡಿ ತೋರಿಸಿದರೆಂಬ ನಿರಾಳವೂ ಆ ನಗೆಯಲ್ಲಿ ಸೇರಿರುತ್ತದೆ. ಹೀಗಾಗಿ ನಂಟರ ನಗೆ ಎಂಬುದೂ ಒಂದುಂಟು ಎಂದು ಒಪ್ಪಬೇಕಾಗುತ್ತದೆ, ಮತ್ತು ಶಾಸ್ತ್ರ ಹೆಸರಿಡದ ಆ ನಗೆಯನ್ನು ಹಳ್ಳಿಯ ಬಫೂನ್ ಚೆನ್ನಾಗಿ ಬಲ್ಲ.

ಇದೇ ಸೀಮೆಯ ಅಮ್ಮನ ಉತ್ಸವಗಳಲ್ಲಿ ಭಕ್ತರು ಅಗ್ನಿಚಟ್ಟಿ, ಅಂದರೆ ಬೆಂಕಿಯ ಮಡಕೆ, ಹೊರುವುದುಂಟು; ಮೈಗೆಲ್ಲ ಕೆಸರು ಬಳಿದುಕೊಂಡು ವೇಷ ಕಟ್ಟುವ ಹರಕೆಯೂ ಉಂಟು. ವಿಕಾರ ವೇಷದಲ್ಲಿ ಜನರ ಕಣ್ಣಿಗೆ ಬೀಳುವುದನ್ನು ಪೂಜೆಯೆಂದು ಮನ್ನಿಸುವ ಊರಿಗೆ ಬಫೂನನ ಕೆಲಸವೂ ಹರಕೆಯೇ ಎಂದು ತಿಳಿಯುವುದು ಕಷ್ಟವಾಗಬಾರದು. ಆದರೆ ಕೆಸರು ತೊಳೆದುಕೊಂಡ ಭಕ್ತ ತನ್ನ ಮನೆಗೆ ಮರ್ಯಾದೆಯಿಂದ ಮರಳುತ್ತಾನೆ. ಬಣ್ಣ ಒರೆಸಿಕೊಂಡ ನಟನಿಗೆ ‘ಕೂತ್ತಾಡಿ’ ಎಂಬ ಬೈಗುಳದಂಥ ಹೆಸರು ಕಾದಿರುತ್ತದೆ, ಮತ್ತು ಅವನೊಡನೆ ಕುಣಿಯುವ ನಟಿಗೆ ಆ ಕಳಂಕ ಇನ್ನೂ ಭಾರ. ಇಡೀ ರಾತ್ರಿ ನಂಟಸ್ತಿಕೆ ಬೆಳೆಸಿದ ಊರು ಹಗಲಾದೊಡನೆ ಅದನ್ನು ಕಡಿದುಕೊಳ್ಳುವುದು ಧರ್ಮದ ದೃಷ್ಟಿಯಿಂದ ಪರರ ನೋವಿಗೆ ನಗುವುದಕ್ಕಿಂತ ದೊಡ್ಡ ತಪ್ಪು. ಭಾರತೀಯ ಸರ್ಕಸ್ಸು ತನ್ನ ಕುಳ್ಳ ಜೋಕರ್‌ಗಳಿಗೆ ಮಾಡಿದ್ದೂ ಬಹುಮಟ್ಟಿಗೆ ಇದೇ. ಡೇರೆಯ ಹೊರಗಿನ ಮನ್ನಣೆಯೂ ತಡವಾಗಿಯೇ ಬಂತು: ಕುಬ್ಜತೆಯನ್ನು ಅಂಗವೈಕಲ್ಯವೆಂದು ಹೆಸರಿಸಿ ಕಾನೂನು ಅವರಿಗೆ ಹಕ್ಕು ಕೊಟ್ಟದ್ದು 2016ರಲ್ಲಿ.

ಆದುದರಿಂದ ಅಳುಮೋರೆಯ ಹಾಸ್ಯಗಾರನನ್ನು ಕೊಂಡಾಡುವುದು ಸರಿಯೇ ಎಂದು ಕೇಳಿದರೆ, ಅವನ ದುಃಖವನ್ನು ಕೊಂಡಾಡುವುದು ಸರಿಯಲ್ಲ, ಅವನು ಕಟ್ಟಿಕೊಟ್ಟ ನಂಟನ್ನು ಉಳಿಸಿಕೊಳ್ಳುವುದೇ ಸರಿಯಾದ ಕೊಂಡಾಟ ಎನ್ನಬೇಕು. ಕಂಬಂ ಕಣಿವೆಯ ಊರುಗಳಲ್ಲಿ ಹಬ್ಬಕ್ಕೆ ಮುಂಚೆ ಗೋಡೆಗೆ ಅಂಟಿಸುವ ನಾಟಕದ ನೋಟಿಸಿನಲ್ಲಿ ಬಫೂನನ ಹೆಸರೂ ಚಿತ್ರವೂ ಅಚ್ಚಾಗುತ್ತವೆ. ನಾಟಕ ಮುಗಿದ ಬೆಳಿಗ್ಗೆ, ಬಸ್ಸಿಗೆ ಕಾಯುತ್ತ ನಿಂತ ಅವನನ್ನು ಆ ಹೆಸರು ಹಿಡಿದು ಕರೆದು, ಮನೆಯೊಳಗೆ ಕೂರಿಸಿ ಎಲೆ ಹಾಕುವ ಹಬ್ಬವೂ ಆ ಊರುಗಳಲ್ಲಿ ನಡೆಯಲಿ.